ಗ್ಲಾರಸ್ ಸ್ಯೂಡ್: ಹದಿಮೂರು ಊರುಗಳು ಸೇರಿ ಒಂದೇ ಪುರಸಭೆ ಆದದ್ದು ಹೇಗೆ?

ಪ್ರಶ್ನೆ: ಸಪ್ತಾಪುರದ ಅಭ್ಯರ್ಥಿ, ಧಾರವಾಡ

ಎಲ್ಲ ಹಿರಿಯರಿಗೂ ನಮಸ್ಕಾರ. ಸ್ಪರ್ಧಾತ್ಮಕ ಪರೀಕ್ಷೆಗಾಗಿ ಸ್ಥಳೀಯ ಆಡಳಿತದ ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸುತ್ತಿದ್ದೇನೆ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ಕೂಡಿಸಿ ಒಂದೇ ಮಹಾನಗರ ಪಾಲಿಕೆ ಮಾಡಿದ್ದು, 1997ರಲ್ಲಿ ಧಾರವಾಡ ಜಿಲ್ಲೆಯಿಂದ ಗದಗ ಮತ್ತು ಹಾವೇರಿ ಜಿಲ್ಲೆಗಳನ್ನು ಬೇರೆ ಮಾಡಿದ್ದು, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು ರಾಜ್ಯ ಸಚಿವ ಸಂಪುಟ ಒಪ್ಪಿದ್ದು, ಇವೆಲ್ಲ ನಮ್ಮ ಕಡೆಯವರಿಗೆ ತಿಳಿದ ಸಂಗತಿಗಳೇ. ಇದಕ್ಕೆ ಎದುರಾಗಿ, ಸಣ್ಣ ಸಣ್ಣ ಸಂಸ್ಥೆಗಳನ್ನು ಕೂಡಿಸಿ ದೊಡ್ಡದು ಮಾಡಿದ ಹೊರದೇಶದ ಉದಾಹರಣೆಯೊಂದನ್ನು ಹುಡುಕುತ್ತಿದ್ದಾಗ ಸ್ವಿಟ್ಜರ್ಲೆಂಡಿನ ಗ್ಲಾರಸ್ ಸ್ಯೂಡ್, ಅಂದರೆ ದಕ್ಷಿಣ ಗ್ಲಾರಸ್ ಎಂಬ ಪುರಸಭೆಯ ಹೆಸರು ಕಣ್ಣಿಗೆ ಬಿತ್ತು.

2011ರ ಜನವರಿ 1ರಂದು ಹದಿಮೂರು ಪುರಸಭೆಗಳು ಸೇರಿ ಇದು ಹುಟ್ಟಿತು. ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್, ಜನಸಂಖ್ಯೆ ಸುಮಾರು ಒಂಬತ್ತೂವರೆ ಸಾವಿರ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ವಿಸ್ತೀರ್ಣ ಇದರ ಅರ್ಧದಷ್ಟು, ಆದರೆ 2011ರ ಜನಗಣತಿಯಲ್ಲಿ ಇಲ್ಲಿದ್ದವರು 9.4 ಲಕ್ಷ ಜನ. ಇಷ್ಟು ವಿಶಾಲವಾದ ನೆಲದಲ್ಲಿ ಅಷ್ಟು ಕಡಿಮೆ ಜನ ಏಕೆ? ಜನರೇ ಕಡಿಮೆ ಇರುವಲ್ಲಿ ಊರೂರಿಗೆ ಇದ್ದ ಆಡಳಿತವನ್ನು ತೆಗೆದುಹಾಕಲು ಅಲ್ಲಿಯವರು ಹೇಗೆ ಒಪ್ಪಿದರು? ಆ ಪ್ರದೇಶದ ಭೂಗೋಳ ಮತ್ತು ಇತಿಹಾಸ ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ನಿವೃತ್ತ ಭೂಗೋಳ ಶಿಕ್ಷಕ, ಬೆಟಗೇರಿ

ತಮ್ಮಾ, ಮೊದಲು ನಕ್ಷೆಯನ್ನು ಎದುರಿಗೆ ಇಟ್ಟುಕೊಂಡು ಓದು, ಅರ್ಧ ಉತ್ತರ ಅದರಲ್ಲೇ ಇದೆ. ಗ್ಲಾರಸ್ ಎಂಬುದು ಸ್ವಿಟ್ಜರ್ಲೆಂಡಿನ 26 ಕ್ಯಾಂಟನ್‌ಗಳಲ್ಲಿ, ಅಂದರೆ ನಮ್ಮ ರಾಜ್ಯಗಳಂಥ ಘಟಕಗಳಲ್ಲಿ, ಒಂದು. ವಿಸ್ತೀರ್ಣ 685 ಚದರ ಕಿಲೋಮೀಟರ್. ಅಂದರೆ ಇಡೀ ಕ್ಯಾಂಟನ್ನೇ ನಮ್ಮ ಒಂದು ಸಾಧಾರಣ ತಾಲೂಕಿನಷ್ಟು. ಅದರ ದಕ್ಷಿಣದ ಭಾಗವೇ ಗ್ಲಾರಸ್ ಸ್ಯೂಡ್. ಇಲ್ಲಿ ಎರಡು ಕಣಿವೆಗಳಿವೆ: ಲಿಂಟ್ ನದಿಯದು ಒಂದು, ಸೆರ್ನ್ಫ್ ನದಿಯದು ಇನ್ನೊಂದು. ಎರಡೂ ಶ್ವಾಂಡೆನ್ ಎಂಬ ಊರಿನ ಬಳಿ ಕೂಡಿ ಉತ್ತರಕ್ಕೆ ಹರಿಯುತ್ತವೆ. ಜನವಸತಿಯೆಲ್ಲ ಈ ಎರಡು ಕಣಿವೆಗಳ ತಳದ ಕಿರಿದಾದ ಪಟ್ಟಿಯಲ್ಲಿದೆ. ಉಳಿದದ್ದು ಕಾಡು, ಬೇಸಿಗೆಯ ಹುಲ್ಲುಗಾವಲು, ಬಂಡೆ ಮತ್ತು ಹಿಮ. ದಕ್ಷಿಣದ ಗಡಿಯಲ್ಲಿರುವ ಟ್ಯೋಡಿ ಶಿಖರ 3,600 ಮೀಟರಿಗಿಂತ ಎತ್ತರವಾಗಿದೆ. ಆದ್ದರಿಂದ ಚದರ ಕಿಲೋಮೀಟರಿಗೆ 22 ಜನ ಎಂಬ ಲೆಕ್ಕ ಕಾಗದದ ಮೇಲೆ ಸರಿಯಾದರೂ ಕಣಿವೆಯ ಊರುಗಳನ್ನು ನೋಡಿದವರಿಗೆ ಅದು ಸುಳ್ಳೆನಿಸುತ್ತದೆ. ಅಲ್ಲಿ ಮನೆಗಳು ಒತ್ತೊತ್ತಾಗಿಯೇ ಇವೆ.

ಲಿಂಟ್ ಕಣಿವೆಯ ತುದಿಯಲ್ಲಿ ಲಿಂಟಾಲ್ ಇದೆ. ರೈಲು ಇಲ್ಲಿಗೆ 1879ರಲ್ಲಿ ಬಂದಿತು, ಇಲ್ಲಿಗೇ ಮುಗಿಯಿತು. ಅಲ್ಲಿಂದ ಬೆಟ್ಟದ ಮೇಲಿನ ಬ್ರೌನ್‌ವಾಲ್ಡ್ ಎಂಬ ಊರಿಗೆ 1907ರಿಂದ ಹಗ್ಗದಿಂದ ಎಳೆಯುವ ರೈಲು ಓಡುತ್ತಿದೆ. ಸುಮಾರು 1,250 ಮೀಟರ್ ಎತ್ತರದ ಆ ಊರಿಗೆ ಇಂದಿಗೂ ಸಾರ್ವಜನಿಕರ ಕಾರುಗಳು ಹೋಗುವುದಿಲ್ಲ. ಸೆರ್ನ್ಫ್ ಕಣಿವೆಯಲ್ಲಿ ಕೆಳಗಿನಿಂದ ಮೇಲಕ್ಕೆ ಎಂಗಿ, ಮಾಟ್, ಎಲ್ಮ್ ಎಂಬ ಮೂರು ಹಳ್ಳಿಗಳಿವೆ. ಆ ಕಣಿವೆಗೂ 1905ರಿಂದ 1969ರವರೆಗೆ ವಿದ್ಯುತ್ ರೈಲು ಇತ್ತು. ಈಗ ಬಸ್ಸೇ ಗತಿ.

ಭೂಗೋಳದ ವಿದ್ಯಾರ್ಥಿಗೆ ಈ ಕಣಿವೆ ನಿಜವಾಗಿ ಬೇಕಾಗುವುದು ಅದರ ಬಂಡೆಗಳಿಗಾಗಿ. ಬುಟ್ಟಿಯಲ್ಲಿ ಮೊದಲು ಬಡಿದ ರೊಟ್ಟಿ ಕೆಳಗೆ, ಆಮೇಲಿನದು ಮೇಲೆ ಇರಬೇಕಲ್ಲವೇ? ಎಲ್ಮ್ ಊರಿನ ಮೇಲಿನ ಚಿಂಗೆಲ್‌ಹಾರ್ನ್ ಶಿಖರಗಳಲ್ಲಿ ಇದು ತಿರುವುಮುರುವಾಗಿದೆ. 25ರಿಂದ 30 ಕೋಟಿ ವರ್ಷ ಹಳೆಯದಾದ ಕಲ್ಲು ಮೇಲಿದೆ, ಬಹುಮಟ್ಟಿಗೆ 3.5ರಿಂದ 5 ಕೋಟಿ ವರ್ಷ ವಯಸ್ಸಿನ ಕಲ್ಲು ಅದರ ಕೆಳಗಿದೆ, ಮತ್ತು ಎರಡರ ನಡುವಿನ ಗೆರೆ ಯಾರೋ ಪಟ್ಟಿ ಹಿಡಿದು ಎಳೆದಷ್ಟು ಸ್ಪಷ್ಟವಾಗಿ ದೂರದಿಂದಲೇ ಕಾಣುತ್ತದೆ. ಪದರುಗಳು ಎರಡು ಕಡೆಯಿಂದ ಮಡಚಿಕೊಂಡು ಹೀಗಾಗಿವೆ ಎಂದು ಸ್ವಿಸ್ ಭೂವಿಜ್ಞಾನಿಗಳು ಬಹುಕಾಲ ವಾದಿಸಿದರು. ಹಾಗಲ್ಲ, ಹಳೆಯ ಕಲ್ಲಿನ ಇಡೀ ಹಾಸು ಹೊಸದರ ಮೇಲೆ ಜಾರಿ ಬಂದಿದೆ ಎಂದು 1884ರಲ್ಲಿ ಫ್ರಾನ್ಸಿನ ಮಾರ್ಸೆಲ್ ಬರ್ತ್ರಾಂ ಹೇಳಿದ. ಆಲ್ಪ್ಸ್ ಪರ್ವತಗಳು ಹೇಗೆ ಎದ್ದವು ಎಂಬ ತಿಳಿವಳಿಕೆಯೇ ಇದರಿಂದ ಬದಲಾಯಿತು. ಸುತ್ತಲಿನ ಈ ಪ್ರದೇಶವನ್ನು ಯುನೆಸ್ಕೊ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ಶಿಖರಗಳ ಸಾಲಿನಲ್ಲಿ ಮಾರ್ಟಿನ್ಸ್‌ಲಾಖ್ ಎಂಬ ಸಹಜವಾದ ಕಲ್ಲಿನ ಕಿಂಡಿಯಿದೆ. ಮಾರ್ಚ್ ತಿಂಗಳಿನಲ್ಲಿ ಕೆಲವು ದಿನ, ಮತ್ತೆ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ, ಸೂರ್ಯ ಶಿಖರಗಳ ಮೇಲೆ ಏಳುವ ಮುಂಚೆ ಆ ಕಿಂಡಿಯಿಂದ ತೂರಿ ಬಂದ ಬಿಸಿಲುಕೋಲು ಎಲ್ಮ್ ಚರ್ಚಿನ ಮೇಲೆ ಒಂದೆರಡು ನಿಮಿಷ ಬೀಳುತ್ತದೆ.

ಇನ್ನು ಈ ಊರಿನ ದೊಡ್ಡ ದುರಂತ. ನಾವು ಚಿಕ್ಕವರಿದ್ದಾಗ ಕಲ್ಲಿನ ಪಾಟಿಯ ಮೇಲೆ ಅಕ್ಷರ ತಿದ್ದಿದವರು. ಅಂಥದೇ ಪಾಟಿಯ ಕಲ್ಲು ಎಂಗಿ ಮತ್ತು ಎಲ್ಮ್ ಊರುಗಳ ಬೆಟ್ಟದಲ್ಲಿ ಸಿಗುತ್ತದೆ. ಯುರೋಪಿನಲ್ಲಿ ಶಾಲೆಗಳು ಹೆಚ್ಚಿದಂತೆ ಪಾಟಿಗೆ ಬೇಡಿಕೆ ಏರಿತು, 1868ರಿಂದ ಎಲ್ಮ್ ಊರಿನ ಬೆಟ್ಟವನ್ನು ಬುಡದಲ್ಲಿ ಅಗೆಯತೊಡಗಿದರು. ಹದಿಮೂರು ವರ್ಷಗಳಲ್ಲಿ ಸುಮಾರು 180 ಮೀಟರ್ ಅಗಲದ ಕೊರಕಲು ಬೆಟ್ಟದ ಒಳಕ್ಕೆ ಹೋಯಿತು, ಮೇಲಿನ ಭಾರಕ್ಕೆ ಆಸರೆಯೇ ಉಳಿಯಲಿಲ್ಲ. ಮೇಲ್ಭಾಗದಲ್ಲಿ ಬಿರುಕು ಕಂಡ ಮೇಲೆ ಗಣಿಯ ಕೆಲಸ ನಿಲ್ಲಿಸಿದರು, ಆದರೆ ಊರನ್ನು ಖಾಲಿ ಮಾಡಿಸಲಿಲ್ಲ. 1881ರ ಸೆಪ್ಟೆಂಬರ್ 11, ಭಾನುವಾರ ಸಂಜೆ, ಬೆಟ್ಟ ಒಂದರ ಹಿಂದೊಂದು ಮೂರು ಸಲ ಕುಸಿಯಿತು. ಮೊದಲನೆಯದು ಸಣ್ಣದಾಗಿತ್ತೆಂದು ಜನ ನೋಡಲು, ನೆರವಾಗಲು ನಿಂತಿದ್ದರು. ಮೂರನೆಯದು ಕಣಿವೆಯನ್ನು ದಾಟಿ ಎದುರಿನ ಇಳಿಜಾರನ್ನು ಏರಿತು, ಅಲ್ಲಿ ಓಡಿಹೋಗಿ ನಿಂತವರನ್ನೂ ಬಿಡಲಿಲ್ಲ. ಬಿದ್ದ ಕಲ್ಲುಮಣ್ಣು ಸುಮಾರು ಒಂದು ಕೋಟಿ ಘನ ಮೀಟರ್, ಸತ್ತವರು 115 ಜನ. ಕಪ್ಪತಗುಡ್ಡದಲ್ಲಿ ಗಣಿಗಾರಿಕೆ ಬೇಡವೆಂಬ ಹೋರಾಟವನ್ನು ಕಂಡಿರುವ ನಮ್ಮ ಜಿಲ್ಲೆಯ ಶಿಕ್ಷಕರು ಈ ಪಾಠವನ್ನು ಬಿಡದೆ ಹೇಳಬೇಕೆಂಬುದು ನನ್ನ ಅಭಿಪ್ರಾಯ. ಕುಸಿತದ ಭಯ ಅಲ್ಲಿ ಇಂದಿಗೂ ಮುಗಿದಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಶ್ವಾಂಡೆನ್ ಊರಿನ ಮೇಲೆ ಮಣ್ಣು ಕುಸಿದು ಮನೆಗಳು ಹಾಳಾದವು, ಅನೇಕ ಕುಟುಂಬಗಳನ್ನು ತೆರವು ಮಾಡಿಸಬೇಕಾಯಿತು.

ಉತ್ತರ: ಹತ್ತಿಯ ಮನೆಯವರು, ರಾಣೆಬೆನ್ನೂರು

ಗುರುಗಳು ನೆಲದ ಮಾತನ್ನು ಚೆನ್ನಾಗಿ ಹೇಳಿದ್ದಾರೆ. ಜನಸಂಖ್ಯೆಯ ಪ್ರಶ್ನೆಗೆ ಮಾತ್ರ ಬೆಟ್ಟಗಳನ್ನು ತೋರಿಸಿದರೆ ಸಾಲದು, ಅಲ್ಲಿಯ ಬಟ್ಟೆ ಉದ್ಯಮವನ್ನೂ ನೋಡಬೇಕು. ನಮ್ಮದು ಹತ್ತಿ ವ್ಯಾಪಾರದ ಮನೆತನವಾದ್ದರಿಂದ ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಹದಿನೆಂಟನೆಯ ಶತಮಾನದಲ್ಲಿ ಗ್ಲಾರಸ್ ಕಣಿವೆಯವರು ಮನೆಮನೆಗಳಲ್ಲಿ ಹತ್ತಿಯ ನೂಲು ತೆಗೆಯುತ್ತಿದ್ದರು. ಅದೇ ಕಾಲಕ್ಕೆ ಭಾರತದ ಅಚ್ಚಿನ ಬಟ್ಟೆಗಳಿಗೆ ಯುರೋಪಿನಲ್ಲಿ ಎಲ್ಲಿಲ್ಲದ ಬೇಡಿಕೆ ಇತ್ತು, ಅವನ್ನು ನೋಡಿ ಅನುಕರಿಸುವ ಮುದ್ರಣಶಾಲೆಗಳು ಅಲ್ಲಲ್ಲಿ ಎದ್ದವು, ಗ್ಲಾರಸ್‌ಗೂ ಆ ಕೆಲಸ ಬಂದಿತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಲಿಂಟ್ ನದಿಯ ನೀರಿನಿಂದ ಯಂತ್ರ ತಿರುಗಿಸುವ ನೂಲಿನ ಗಿರಣಿ, ನೇಯ್ಗೆಯ ಶೆಡ್ಡು, ಬಣ್ಣದ ಅಚ್ಚಿನ ಕಾರ್ಖಾನೆಗಳು ಕಣಿವೆಯ ಉದ್ದಕ್ಕೂ ನಿಂತವು. ತುರ್ಕಿಯ ಹೆಂಗಸರು ತಲೆಗೆ ಕಟ್ಟುವ ವಸ್ತ್ರ, ಜಾವಾದವರ ಬಾಟಿಕ್, ಇವುಗಳ ನಕಲನ್ನು ಆಲ್ಪ್ಸ್ ಬೆಟ್ಟಗಳ ನಡುವೆ ಕುಳಿತು ಅಚ್ಚು ಹಾಕಿ ಅದೇ ದೇಶಗಳಿಗೆ ಮಾರಿದರು. ವ್ಯಾಪಾರ ಬಲ್ಲವರೆಂದರೆ ಇವರು ಎನ್ನಬೇಕು.

ಇದರಿಂದ ಎರಡು ಸಂಗತಿಗಳು ಹುಟ್ಟಿದವು. ಕಾರ್ಖಾನೆಯ ದುಡಿಮೆ ಎಷ್ಟು ಕಠಿಣವಾಗಿತ್ತೆಂದರೆ, 1864ರಲ್ಲಿ ಅಲ್ಲಿಯ ಜನಸಭೆಯೇ ಕಾನೂನೊಂದನ್ನು ಅಂಗೀಕರಿಸಿ ವಯಸ್ಕ ಕಾರ್ಮಿಕರ ದುಡಿಮೆಯನ್ನೂ ದಿನಕ್ಕೆ 12 ಗಂಟೆಗೆ ಮಿತಿಗೊಳಿಸಿತು, ರಾತ್ರಿಯ ಕೆಲಸವನ್ನು ನಿಷೇಧಿಸಿತು, ಬಾಣಂತಿಯರಿಗೆ ಆರು ವಾರ ಕೆಲಸದಿಂದ ಬಿಡುವು ಕೊಡಿಸಿತು. ಹೆಂಗಸರು ಮಕ್ಕಳಿಗಷ್ಟೇ ಅಲ್ಲದೆ ವಯಸ್ಕ ಗಂಡಸರ ದುಡಿಮೆಗೂ ಮಿತಿ ಹಾಕಿದ ಯುರೋಪಿನ ಮೊದಮೊದಲ ಕಾನೂನುಗಳಲ್ಲಿ ಇದೂ ಒಂದು. ಇಡೀ ಸ್ವಿಟ್ಜರ್ಲೆಂಡಿಗೆ ಕಾರ್ಖಾನೆ ಕಾನೂನು ಬಂದದ್ದು 1877ರಲ್ಲಿ, ಆಗ ಮಿತಿ 11 ಗಂಟೆಗೆ ಇಳಿಯಿತು.

ಇನ್ನೊಂದು ಸಂಗತಿ ವಲಸೆ. ಯಂತ್ರ ಬಂದು ಕೈಕೆಲಸ ಹೋದಾಗ, ಬೆಳೆಯೂ ಕೈಕೊಟ್ಟಾಗ, ಕಣಿವೆಯ ಬಡ ಕುಟುಂಬಗಳನ್ನು ಅಮೆರಿಕಕ್ಕೆ ಕಳಿಸುವ ಏರ್ಪಾಡನ್ನು ಊರುಗಳೇ ಹಣ ಹಾಕಿ ಮಾಡಿದವು. 1845ರಲ್ಲಿ ಹೊರಟ ಗುಂಪೊಂದು ವಿಸ್ಕಾನ್ಸಿನ್ ರಾಜ್ಯದಲ್ಲಿ ನ್ಯೂ ಗ್ಲಾರಸ್ ಎಂಬ ಊರು ಕಟ್ಟಿತು, ಅದು ಇಂದಿಗೂ ಇದೆ. ಬಟ್ಟೆಯ ಉಚ್ಛ್ರಾಯವೂ ಹೆಚ್ಚು ಕಾಲ ಉಳಿಯಲಿಲ್ಲ. 1870ರಲ್ಲಿ ಇಡೀ ಗ್ಲಾರಸ್ ಕ್ಯಾಂಟನ್ನಿನ ಜನಸಂಖ್ಯೆ ಸುಮಾರು 35,000 ಇತ್ತು. ಇಂದು ಸುಮಾರು 41,000. ಇದೇ ಅವಧಿಯಲ್ಲಿ ಸ್ವಿಟ್ಜರ್ಲೆಂಡಿನ ಜನಸಂಖ್ಯೆ ಸುಮಾರು 27 ಲಕ್ಷದಿಂದ 90 ಲಕ್ಷಕ್ಕೆ ಏರಿದೆ. ಇದ್ದ ಅಲ್ಪಸ್ವಲ್ಪ ಬೆಳವಣಿಗೆಯೂ ಜ್ಯೂರಿಕ್ ಕಡೆಗೆ ತೆರೆದುಕೊಂಡಿರುವ ಉತ್ತರದ ಬಯಲಿಗೆ ಹೋಯಿತೇ ಹೊರತು ದಕ್ಷಿಣದ ಕಣಿವೆಗೆ ಬರಲಿಲ್ಲ. ಗಿರಣಿ ಮುಚ್ಚಿದ ಊರಿನಲ್ಲಿ ಯುವಕರು ನಿಲ್ಲುವುದಿಲ್ಲವೆಂಬುದನ್ನು ಹುಬ್ಬಳ್ಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಕಣಿವೆಯ ದೊಡ್ಡ ಉದ್ಯಮ ವಿದ್ಯುತ್. ಲಿಂಟಾಲ್ ಊರಿನ ಮೇಲೆ ಲಿಮ್ಮರ್ನ್ ಜಲಾಶಯವಿದೆ, ಅದಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿ ಮುಟ್‌ಸೇ ಸರೋವರವಿದೆ. ಬೇಡಿಕೆ ಕಡಿಮೆ ಇದ್ದಾಗ ಕೆಳಗಿನ ನೀರನ್ನು ಮೇಲಕ್ಕೆ ಪಂಪು ಮಾಡಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ. ಸಾಮರ್ಥ್ಯ 1,000 ಮೆಗಾವಾಟ್. ಮುಟ್‌ಸೇ ಅಣೆಕಟ್ಟು ಒಂದು ಕಿಲೋಮೀಟರಿಗಿಂತ ಉದ್ದವಾಗಿದ್ದು ಆ ದೇಶಕ್ಕೇ ಅತಿ ಉದ್ದದ್ದು. ಆದರೆ ಇಂಥ ಸ್ಥಾವರವನ್ನು ನಡೆಸಲು ಬೇಕಾಗುವ ಕೈಗಳು ಬೆರಳೆಣಿಕೆಯಷ್ಟು, ಹಳೆಯ ಗಿರಣಿಗಳಂತೆ ಅದು ಊರನ್ನು ಸಾಕಲಾರದು.

ಉತ್ತರ: ಗೋಕುಲ ರಸ್ತೆಯ ನಿವಾಸಿ, ಹುಬ್ಬಳ್ಳಿ

ಪ್ರಶ್ನೆಯ ತಿರುಳು ವಿಲೀನದ ಬಗ್ಗೆ ಇರುವುದರಿಂದ, ಪುರಸಭೆಯ ಕೆಲಸದಲ್ಲಿ ಆಯುಷ್ಯ ಕಳೆದವನಾಗಿ ನಾಲ್ಕು ಮಾತು ಬರೆಯುತ್ತೇನೆ.

ಅಲ್ಲಿಯ ಪುರಸಭೆಯನ್ನು ನಮ್ಮ ಪುರಸಭೆಯ ಅಳತೆಯಿಂದ ನೋಡಿದರೆ ಏನೂ ಅರ್ಥವಾಗುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಇಂಥವು ಇಂದು 2,100ರ ಆಸುಪಾಸಿನಲ್ಲಿವೆ. 1850ರಲ್ಲಿ 3,200 ಇದ್ದವು. ಪ್ರತಿ ನಾಗರಿಕನ ಆದಾಯದ ಮೇಲೆ ಒಕ್ಕೂಟ, ಕ್ಯಾಂಟನ್ ಮತ್ತು ಪುರಸಭೆ ಮೂರೂ ತೆರಿಗೆ ಹಾಕುತ್ತವೆ. ಶಾಲೆ, ನೀರು, ರಸ್ತೆ, ನಿವಾಸಿಗಳ ದಾಖಲೆ, ಬಡವರ ನೆರವು, ಹೀಗೆ ಬಹಳಷ್ಟು ಹೊಣೆ ಪುರಸಭೆಯದು. 1999ರ ಅವರ ಸಂವಿಧಾನದ 50ನೆಯ ವಿಧಿ ಕ್ಯಾಂಟನ್ನಿನ ಕಾನೂನಿಗೆ ಒಳಪಟ್ಟು ಪುರಸಭೆಗಳ ಸ್ವಾಯತ್ತತೆಗೆ ಖಾತರಿ ನೀಡುತ್ತದೆ. ನಮ್ಮಲ್ಲಿ ಸಂವಿಧಾನದ 74ನೆಯ ತಿದ್ದುಪಡಿ ಹದಿನೆಂಟು ವಿಷಯಗಳ ಪಟ್ಟಿಯನ್ನೇನೋ ಕೊಟ್ಟಿತು, ಆದರೆ ಅನುದಾನದ ಹಾದಿ ನೋಡುತ್ತ ಕೂರುವ ನಗರಸಭೆಗಳಿಗೆ ಪಟ್ಟಿಯಿಂದ ಹೊಟ್ಟೆ ತುಂಬುವುದಿಲ್ಲ.

ಇಷ್ಟು ಹೊಣೆಯಿದ್ದುದರಿಂದಲೇ ಗ್ಲಾರಸ್‌ನಲ್ಲಿ ಬಿಕ್ಕಟ್ಟು ಬಂದಿತು. 2006ರಲ್ಲಿ ಕ್ಯಾಂಟನ್ನಿನಲ್ಲಿ 25 ಪುರಸಭೆಗಳಿದ್ದವು. ಅವಲ್ಲದೆ ಶಾಲೆಗೆ ಬೇರೆ, ಬಡವರ ನೆರವಿಗೆ ಬೇರೆ, ಊರಿನ ಮೂಲ ಮನೆತನಗಳವರ ಕಾಡು ಮತ್ತು ಹುಲ್ಲುಗಾವಲಿಗೆ ಬೇರೆ ಸಂಸ್ಥೆಗಳಿದ್ದು ಎಲ್ಲ ಕೂಡಿದರೆ ಸುಮಾರು 70 ಆಗುತ್ತಿದ್ದವು. ಜನ 38,000 ಇದ್ದರೋ ಇಲ್ಲವೋ! ಕೆಲವು ಊರುಗಳಲ್ಲಿ ಹುದ್ದೆಗೆ ನಿಲ್ಲಲು ಜನರೇ ಸಿಗುತ್ತಿರಲಿಲ್ಲ, ಕೆಲವಕ್ಕೆ ಹಣ ಸಾಲುತ್ತಿರಲಿಲ್ಲ.

ಅಲ್ಲಿ ಲಾಂಡ್ಸ್‌ಗೆಮೈಂಡೆ ಎಂಬ ಜನಸಭೆ ಪ್ರತಿವರ್ಷ ಮೇ ತಿಂಗಳ ಮೊದಲ ಭಾನುವಾರ ಗ್ಲಾರಸ್ ಪಟ್ಟಣದ ಬಯಲಿನಲ್ಲಿ ಕೂಡುತ್ತದೆ. ಮತದಾರರೆಲ್ಲ ಬಂದು ನಿಲ್ಲಬಹುದು, ಯಾರು ಬೇಕಾದರೂ ವೇದಿಕೆ ಏರಿ ಮಸೂದೆಗೆ ತಿದ್ದುಪಡಿ ಸೂಚಿಸಬಹುದು. ಮತ ಹಾಕುವುದೆಂದರೆ ಬಣ್ಣದ ಚೀಟಿಯನ್ನು ಕೈಯೆತ್ತಿ ಹಿಡಿಯುವುದು. ಯಾವ ಕಡೆ ಹೆಚ್ಚೆಂಬುದನ್ನು ಸಭೆಯ ಅಧ್ಯಕ್ಷ ಕಣ್ಣಳತೆಯಲ್ಲೇ ನಿರ್ಧರಿಸುತ್ತಾನೆ, ಎಣಿಕೆಯಿಲ್ಲ. 2006ರ ಮೇ 7ರಂದು ಸರ್ಕಾರ 25ನ್ನು 10ಕ್ಕೆ ಇಳಿಸುವ ಪ್ರಸ್ತಾವ ತಂದಿತ್ತು. ಅದೇ ದೊಡ್ಡ ಬದಲಾವಣೆ ಎಂದು ಎಲ್ಲರೂ ಅಂದುಕೊಂಡಿದ್ದಾಗ, ಸಾಮಾನ್ಯ ನಾಗರಿಕನೊಬ್ಬ ಮೂರೇ ಸಾಕು ಎಂಬ ಸೂಚನೆ ಮುಂದಿಟ್ಟ, ಸಭೆ ಅದನ್ನೇ ಒಪ್ಪಿಬಿಟ್ಟಿತು. ಸರ್ಕಾರಕ್ಕೇ ಇದು ಅನಿರೀಕ್ಷಿತವಾಗಿತ್ತು. ವಿರೋಧಿಗಳು ಸುಮ್ಮನಿರದೆ ಮರುಪರಿಶೀಲನೆಗೆ ಒತ್ತಾಯಿಸಿದರು, 2007ರ ನವೆಂಬರ್ 25ರಂದು ವಿಶೇಷ ಸಭೆ ಕರೆಯಬೇಕಾಯಿತು, ಚಳಿಯಲ್ಲಿ ನಿಂತ ಸಾವಿರಾರು ಜನ ಮೊದಲಿನ ತೀರ್ಮಾನವನ್ನೇ ಎತ್ತಿಹಿಡಿದರು. ಹೀಗೆ ಉತ್ತರದ 8 ಸೇರಿ ಗ್ಲಾರಸ್ ನೋರ್ಡ್, ನಡುವಿನ 4 ಸೇರಿ ಗ್ಲಾರಸ್, ದಕ್ಷಿಣದ 13 ಸೇರಿ ಗ್ಲಾರಸ್ ಸ್ಯೂಡ್ ಆದವು. ವಿಸ್ತೀರ್ಣದಲ್ಲಿ ಗ್ಲಾರಸ್ ಸ್ಯೂಡ್ ಆಗ ದೇಶಕ್ಕೇ ದೊಡ್ಡದಾಗಿತ್ತು. 2015ರಲ್ಲಿ ಇಂಥದೇ ವಿಲೀನದಿಂದ ಬೆಳೆದ ಸ್ಕುವೋಲ್ ಎಂಬ ಪುರಸಭೆ ಅದನ್ನು ಹಿಂದಿಕ್ಕಿತು.

ಪ್ರಬಂಧದಲ್ಲಿ ಹುಬ್ಬಳ್ಳಿ-ಧಾರವಾಡದ ಜೊತೆ ಹೋಲಿಸುವಾಗ ವಿಸ್ತೀರ್ಣ, ಜನಸಂಖ್ಯೆಗಳ ಅಂಕಿಯನ್ನು ಒಂದೇ ವಾಕ್ಯದಲ್ಲಿ ಮುಗಿಸಿರಿ. ಹೋಲಿಸಬೇಕಾದದ್ದು ತೀರ್ಮಾನ ಯಾರ ಕೈಯಲ್ಲಿತ್ತು ಎಂಬುದನ್ನು. 1962ರ ಕೂಡಿಕೆಯನ್ನಾಗಲಿ ಈಗಿನ ಬೇರ್ಪಡಿಕೆಯನ್ನಾಗಲಿ ಮಾಡಿದ್ದು ರಾಜ್ಯ ಸರ್ಕಾರ. ಧಾರವಾಡದವರು ಪ್ರತ್ಯೇಕ ಪಾಲಿಕೆಗಾಗಿ ವರ್ಷಗಟ್ಟಲೆ ಮನವಿ ಕೊಟ್ಟರು, ಹೋರಾಡಿದರು. ಆದರೆ ಕಲಾಭವನದ ಮೈದಾನದಲ್ಲಿ ನಿಂತು ಕೈಯೆತ್ತಿ ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ.

ಉತ್ತರ: ಮಾಳಮಡ್ಡಿಯ ಓದುಗಾರ್ತಿ, ಧಾರವಾಡ

ಗೋಕುಲ ರಸ್ತೆಯ ಹಿರಿಯರ ಮಾತಿಗೆ ಒಂದು ಆಕ್ಷೇಪಣೆಯಿದೆ. ಕೈಯೆತ್ತುವ ಸಭೆಯನ್ನು ಅಷ್ಟೊಂದು ಹೊಗಳುವಾಗ, ಅಲ್ಲಿ ಹೆಂಗಸರಿಗೆ ಕೈಯೆತ್ತುವ ಹಕ್ಕು ಬಂದದ್ದೇ 1971ರಲ್ಲಿ ಎಂಬುದನ್ನೂ ಹೇಳಬೇಕಿತ್ತು. ನಮ್ಮ ಅಜ್ಜಿಯಂದಿರು 1952ರ ಮೊದಲ ಮಹಾ ಚುನಾವಣೆಯಲ್ಲೇ ಮತ ಹಾಕಿದ್ದರು. ಗುಟ್ಟಿನ ಮತದಾನವಿಲ್ಲದ ಕಡೆ, ಎದುರು ಮನೆಯವರು, ಕೆಲಸ ಕೊಟ್ಟ ಧಣಿಯವರು ನೋಡುತ್ತಿರುವಾಗ, ಎಲ್ಲರೂ ನಿರ್ಭಯವಾಗಿ ಕೈಯೆತ್ತುತ್ತಾರೆಂದು ನಂಬುವುದು ನನಗಂತೂ ಕಷ್ಟ. ಸ್ವಿಟ್ಜರ್ಲೆಂಡಿನಲ್ಲೂ ಬಹಳಷ್ಟು ಕ್ಯಾಂಟನ್‌ಗಳು ಈ ಪದ್ಧತಿಯನ್ನು ಬಿಟ್ಟಿವೆ. ಕ್ಯಾಂಟನ್ ಮಟ್ಟದಲ್ಲಿ ಈಗ ಉಳಿದಿರುವುದು ಗ್ಲಾರಸ್ ಮತ್ತು ಆಪೆನ್‌ಜೆಲ್ ಇನ್ನರ್‌ರೋಡೆನ್ ಎರಡರಲ್ಲೇ. ಅದೇ ಗ್ಲಾರಸ್ ಸಭೆ 2007ರಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸಿ ದೇಶಕ್ಕೆ ಮೊದಲಿಗನಾದದ್ದನ್ನು ಅದರ ಪಾಲಿಗೆ ಜಮೆ ಮಾಡಬಹುದು.

ವಿಲೀನವಾದರೂ ಊರುಗಳು ಅಳಿದಿಲ್ಲವೆಂಬುದನ್ನೂ ಸೇರಿಸುತ್ತೇನೆ. ನಿಲ್ದಾಣದ ಫಲಕದ ಮೇಲೆ ಇಂದಿಗೂ ಶ್ವಾಂಡೆನ್, ಲಿಂಟಾಲ್ ಎಂದೇ ಇದೆ. ಒಲಿಂಪಿಕ್ಸ್ ಸ್ಕೀಯಿಂಗ್‌ನಲ್ಲಿ 1988ರಲ್ಲಿ ಎರಡು, 1994ರಲ್ಲಿ ಒಂದು ಚಿನ್ನ ಗೆದ್ದ ವ್ರೇನಿ ಶ್ನೈಡರ್ ಅವರನ್ನು ಜನ ಎಲ್ಮ್ ಊರಿನವರೆಂದೇ ಹೇಳುತ್ತಾರೆ, ಗ್ಲಾರಸ್ ಸ್ಯೂಡ್‌ನವರೆಂದಲ್ಲ. ಬೆಟಗೇರಿಯ ಗುರುಗಳು ತಮ್ಮ ಊರನ್ನು ಗದಗ ಎಂದು ಬರೆಯದೆ ಬೆಟಗೇರಿ ಎಂದೇ ಬರೆದುಕೊಂಡಿದ್ದಾರೆ, ಗಮನಿಸಿರಿ.

ಮರುಪ್ರಶ್ನೆ: ಸಪ್ತಾಪುರದ ಅಭ್ಯರ್ಥಿ, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಅಕ್ಕನವರ ಆಕ್ಷೇಪಣೆಯನ್ನು ಪ್ರಬಂಧದಲ್ಲಿ ಖಂಡಿತ ಸೇರಿಸುತ್ತೇನೆ. ನಕ್ಷೆ ನೋಡುವಾಗ ಇನ್ನೊಂದು ಸಂದೇಹ ಬಂದಿತು. ಲಿಂಟಾಲ್ ಊರಿನಿಂದ ಪಶ್ಚಿಮಕ್ಕೆ ಹೋಗುವ ಕ್ಲೌಸೆನ್ ಕಣಿವೆದಾರಿ ಪಕ್ಕದ ಊರಿ ಕ್ಯಾಂಟನ್ನಿಗೆ ಹೋಗುತ್ತದೆ. ಗಡಿ ಆ ದಾರಿಯ ನೆತ್ತಿಯ ಮೇಲೆ ಇರಬೇಕಿತ್ತು. ಆದರೆ ಊರಿಯ ಗಡಿ ನೆತ್ತಿಯನ್ನು ದಾಟಿ ಈಚೆಗೆ, ಗ್ಲಾರಸ್ ಕಡೆಗೆ ಬಹಳ ದೂರ ಇಳಿದು ಬಂದಿದೆ. ನೀರು ಹರಿಯುವುದು ಗ್ಲಾರಸ್ ಕಡೆಗೆ, ನೆಲ ಮಾತ್ರ ಊರಿಯದು. ಇದಕ್ಕೆ ಕಾರಣವೇನು?

ಉತ್ತರ: ನಿವೃತ್ತ ಭೂಗೋಳ ಶಿಕ್ಷಕ, ಬೆಟಗೇರಿ

ಒಳ್ಳೆಯ ಪ್ರಶ್ನೆ, ತಮ್ಮಾ. ಆ ನೆಲದ ಹೆಸರು ಉರ್ನರ್‌ಬೋಡೆನ್. 1,948 ಮೀಟರ್ ಎತ್ತರದ ನೆತ್ತಿಯ ಈಚೆಗಿರುವ ಉದ್ದನೆಯ ಹುಲ್ಲುಗಾವಲು ಅದು. ಊರಿಯ ಕಡೆ ಮೇವಿನ ನೆಲ ಕಡಿಮೆ, ಇಳಿಜಾರು ಕಡಿದು. ಆದ್ದರಿಂದ ಅಲ್ಲಿಯ ದನಗಾಹಿಗಳು ಮಧ್ಯಯುಗದಲ್ಲೇ ನೆತ್ತಿ ದಾಟಿ ಬಂದು ಮೇಯಿಸತೊಡಗಿ ನೆಲವನ್ನು ತಮ್ಮದು ಮಾಡಿಕೊಂಡರು ಎಂಬುದು ಇತಿಹಾಸದ ಮಾತು.

ಜನರ ಬಾಯಲ್ಲಿರುವ ಐತಿಹ್ಯ ಬೇರೆ, ಅದೇ ಹೆಚ್ಚು ರುಚಿಯಾಗಿದೆ. ಗಡಿಯ ಜಗಳ ತೀರಿಸಲು ಎರಡೂ ಕಡೆಯಿಂದ ಒಬ್ಬೊಬ್ಬ ಓಟಗಾರ ಕೋಳಿ ಕೂಗಿದ ಕೂಡಲೆ ಹೊರಡಬೇಕು, ಅವರು ಸಂಧಿಸಿದ ಜಾಗವೇ ಗಡಿ ಎಂದು ಮಾತಾಯಿತಂತೆ. ಊರಿಯವರು ತಮ್ಮ ಹುಂಜವನ್ನು ಉಪವಾಸ ಕೆಡವಿದರು, ಅದು ಹಸಿವಿನಿಂದ ನಸುಕಿನಲ್ಲೇ ಕೂಗಿತು. ಗ್ಲಾರಸ್‌ನವರು ತಮ್ಮ ಹುಂಜಕ್ಕೆ ಹೊಟ್ಟೆ ತುಂಬ ತಿನ್ನಿಸಿದರು, ಅದು ಹೊತ್ತು ಏರುವವರೆಗೂ ಮಲಗಿತು. ಊರಿಯ ಓಟಗಾರ ನೆತ್ತಿ ದಾಟಿ ಇಳಿದು ಬರುತ್ತಿರುವುದನ್ನು ಕಂಡ ಗ್ಲಾರಸ್‌ನವನು ಇಷ್ಟಾದರೂ ನೆಲ ಬಿಟ್ಟುಕೊಡು ಎಂದು ಅಂಗಲಾಚಿದ. ನನ್ನನ್ನು ಹೊತ್ತುಕೊಂಡು ಎಷ್ಟು ದೂರ ಮೇಲೇರುತ್ತೀಯೋ ಅಷ್ಟು ನಿನ್ನದು ಎಂದು ಊರಿಯವನು ಹೇಳಿದ. ಅವನನ್ನು ಹೆಗಲ ಮೇಲೆ ಹೊತ್ತು ಏರಿದ ಗ್ಲಾರಸ್‌ನವನು ಹಳ್ಳವೊಂದರ ಬಳಿ ಬಿದ್ದು ಪ್ರಾಣ ಬಿಟ್ಟ, ಗಡಿ ಅಲ್ಲಿಯೇ ನಿಂತಿತು ಎಂದು ಹೇಳುತ್ತಾರೆ.

ಪ್ರಬಂಧಕ್ಕೆ ಬೇಕಾದ ವಿವರ ಇಷ್ಟು: ಉರ್ನರ್‌ಬೋಡೆನ್ ಇಂದಿಗೂ ಊರಿ ಕ್ಯಾಂಟನ್ನಿನ ಶ್ಪಿರಿಂಗೆನ್ ಪುರಸಭೆಗೆ ಸೇರಿದೆ. ಬೇಸಿಗೆಯಲ್ಲಿ ದನಗಳೊಂದಿಗೆ ಬರುವವರೇ ಹೆಚ್ಚು, ವರ್ಷವಿಡೀ ನಿಲ್ಲುವವರು ಕೆಲವೇ ಮನೆಯವರು. ಹಿಮ ಬಿದ್ದು ಕ್ಲೌಸೆನ್ ದಾರಿ ಮುಚ್ಚಿದ ತಿಂಗಳುಗಳಲ್ಲಿ ಅವರಿಗೆ ತಮ್ಮ ಪುರಸಭೆಯ ಕಡೆಗೆ ನೇರ ದಾರಿಯಿರುವುದಿಲ್ಲ, ಗ್ಲಾರಸ್ ಸ್ಯೂಡ್‌ನ ಲಿಂಟಾಲ್ ಊರಿಗೆ ಇಳಿದೇ ಮುಂದೆ ಹೋಗಬೇಕು.